ತಂತಿಗೆ ಗೂಡು ಕಟ್ಟಿದ ಸೂರಕ್ಕಿ

ಜಯನಗರದ ನಿಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಪುಟ್ಟ ಹಕ್ಕಿಯೊಂದು ಕಸದ ಚೀಲದಂಥ ಗೂಡು ಕಟ್ಟಿದೆ, ಸಕ್ಕರೆ ನೀರು ಇಡಲಾ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ಇಡಬೇಡಿ. ಸಿಹಿ ಮಕರಂದ ಬೆಳೆದ ಹಕ್ಕಿಗೆ ಸರಿ. ಮರಿಗಳು ಬೆಳೆಯುವುದು ಸಣ್ಣ ಹುಳ, ಜೇಡಗಳಿಂದ.

ಬಾಗಿದ ಕೊಕ್ಕು, ಬೂದು ಬಿಳುಪಿನ ಕತ್ತು, ಹಳದಿ ಎದೆ ಅಂದಿರಲ್ಲ, ಅದು ಹೆಣ್ಣು ಸೂರಕ್ಕಿ (ಸನ್‌ಬರ್ಡ್). ಉದ್ದ 10 ಸೆಂಟಿಮೀಟರ್ ಸುತ್ತಮುತ್ತ, ಅಷ್ಟೇ. ಗೂಡು ಕಟ್ಟುವ ಕೆಲಸ ಹೆಚ್ಚೂಕಡಿಮೆ ಪೂರ್ತಿ ಅವಳದೇ. ನಾರು, ತೊಗಟೆ ಚೂರು, ಒಣ ಎಲೆ, ಕಂಬಳಿಹುಳದ ಹಿಕ್ಕೆ ಎಲ್ಲವನ್ನೂ ಜೇಡರ ಬಲೆಯ ನೂಲಿನಿಂದ ಅಂಟಿಸುತ್ತಾಳೆ. ಕಸದಂತೆ ಕಾಣುವುದೇ ಅದಕ್ಕೆ ರಕ್ಷಣೆ! ಅಂಟಿಸಲು ಅವಳಿಗೆ ಆ ನೂಲು ಬೇಕು, ಹಾಗಾಗಿ ಬಾಲ್ಕನಿ ಮೂಲೆಯ ಜೇಡರ ಬಲೆ ಸದ್ಯಕ್ಕೆ ಗುಡಿಸಬೇಡಿ. ಗಿಡಕ್ಕೆ ಕೀಟನಾಶಕವನ್ನೂ ಹೊಡೆಯಬೇಡಿ.

ಸಾಮಾನ್ಯವಾಗಿ 2 ಮೊಟ್ಟೆ. ಕಾವು ಸುಮಾರು ಎರಡು ವಾರ, ಆಮೇಲೆ ಮರಿ ಹಾರಲು ಇನ್ನೂ ಎರಡು-ಎರಡೂವರೆ ವಾರ ಹಿಡಿಯುತ್ತದೆ. ಅಲ್ಲಿವರೆಗೆ ಬಟ್ಟೆ ಬೇರೆ ಕಡೆ ಒಣಹಾಕಿ. ಸುಮ್ನೆ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ, ಅವಳು ಗೂಡು ಬಿಟ್ಟು ಹೋಗಿಬಿಡಬಹುದು.

ಏನಾದರೂ ಕೊಡಲೇಬೇಕು ಅನಿಸಿದರೆ ಕುಂಡದಲ್ಲಿ ಒಂದು ದಾಸವಾಳ ಅಥವಾ ರತ್ನಗಂಧಿ ನೆಡಿ. ದಾಸವಾಳದ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಹೀರುವುದನ್ನು ನೋಡಲು ತುಂಬಾ ಚೆನ್ನಾಗಿರುತ್ತದೆ.