ಕಲ್ಲು ಬರೀ ಮಣೆ, ಲೋಹ ಬಂದದ್ದು ನೀರಿನಿಂದ

ಮಾನ್ಯರೇ,

ವಾಸ್ಕೋದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಬಂದರಿನಲ್ಲಿ ಮೂವತ್ತೊಂದು ವರ್ಷ ಹಡಗಿಗೆ ಅದಿರು ತುಂಬಿಸಿದವರು ನೀವು. ನಿಮ್ಮ ತಂದೆಯವರು ಸಂಡೂರಿನ ಗಣಿಯಲ್ಲಿ ದುಡಿದವರು. ಮ್ಯಾಂಗನೀಸ್ ನಿಮಗೆ ಪುಸ್ತಕದ ಮಾತಲ್ಲ, ಅಂಗೈಗೆ ಮೆತ್ತಿದ ಕಪ್ಪು. ಹಾಗಾಗಿ ನಿಮ್ಮ ಆಕ್ಷೇಪಕ್ಕೆ ಎರಡು ಸಾಲಿನ ಉತ್ತರ ಸಾಲದು.

ಕಳೆದ ಸಂಚಿಕೆಯಲ್ಲಿ ಕಡಲಡಿಯ ಏಣುಗಳ, ಅಂದರೆ ನೀರಿನಡಿಯ ಬೆಟ್ಟಸಾಲುಗಳ, ಬಗ್ಗೆ ಬಂದ ಲೇಖನದಲ್ಲಿ ಅಲ್ಲಿನ ಕಣಶಿಲೆಯ ಮೇಲೆ ಮ್ಯಾಂಗನೀಸ್ ತೊಗಟೆಯಂತೆ ಕಟ್ಟಿದೆ ಎಂದಿತ್ತು. ಅದನ್ನು ಓದಿ ನೀವು ಕೇಳಿದ್ದೀರಿ: ‘ಸುಣ್ಣಕಲ್ಲು, ಮರಳುಗಲ್ಲಿನಂಥ ಕಣಶಿಲೆಯ ಮೇಲೆ ಮ್ಯಾಂಗನೀಸ್ ಎಲ್ಲಿಂದ ಬಂತು? ಜ್ವಾಲಾಮುಖಿಯ ಕಲ್ಲಾದರೆ ಒಪ್ಪಬಹುದು. ಲೇಖಕರು ಬಸಾಲ್ಟ್ ಎನ್ನುವ ಕಡೆ ತಪ್ಪಿ ಕಣಶಿಲೆ ಎಂದರೇ?’ ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ‘ಆ ಅದಿರು ನಮ್ಮ ಬಂದರಿಗೆ ಯಾವಾಗ ಬರುತ್ತದೆ, ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆಯೇ?’

ಲೇಖಕರು ತಪ್ಪಿಲ್ಲ. ತಪ್ಪಿದ್ದು ನಾನು. ಚಿತ್ರದ ಕೆಳಗೆ ‘ಶಿಲೆಯಿಂದ ಒಸರಿದ ಮ್ಯಾಂಗನೀಸ್’ ಎಂಬ ಅಡಿಬರಹ ಹಾಕಿದವನು ನಾನೇ. ಆ ‘ಒಸರಿದ’ ಎಂಬ ಒಂದೇ ಪದ ನಿಮ್ಮನ್ನು ದಾರಿ ತಪ್ಪಿಸಿದೆ. ಕ್ಷಮಿಸಬೇಕು. ಅದು ಕಲ್ಲಿನಿಂದ ಒಸರಿದ್ದಲ್ಲ, ಕಲ್ಲಿನ ಮೇಲೆ ಇಳಿದದ್ದು.

ಊರಿನ ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಗಡಸು ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಅದು ತಾಮ್ರದಿಂದ ಬಂದದ್ದೆಂದು ಯಾರೂ ಹೇಳುವುದಿಲ್ಲ. ಹಂಡೆ ತಾಮ್ರದ್ದಿರಲಿ, ಅಲ್ಯೂಮಿನಿಯಮ್ಮಿನದಿರಲಿ, ಹಕ್ಕಳೆ ಒಂದೇ, ಏಕೆಂದರೆ ಅದು ನೀರಿನದು. ಕಡಲಡಿಯ ಏಣಿನಲ್ಲೂ ಹಾಗೆಯೇ. ಬಸಾಲ್ಟ್ ಆಗಲಿ, ಸುಣ್ಣಕಲ್ಲಾಗಲಿ, ಫಾಸ್ಫೇಟ್ ತುಂಬಿದ ಕಲ್ಲಾಗಲಿ, ಮ್ಯಾಂಗನೀಸ್ ಕೂರಲು ಒಂದು ಮಣೆ ಅಷ್ಟೇ. ಆದರೆ ಹಂಡೆಯಲ್ಲಿ ಹಕ್ಕಳೆ ಕಟ್ಟಿಸುವುದು ಬಿಸಿ; ಕಡಲಿನಲ್ಲಿ ಆ ಕೆಲಸ ಆಮ್ಲಜನಕದ್ದು.

ಇದಕ್ಕೂ ನಿಮ್ಮ ಮನೆಯಲ್ಲೇ ಸಾಕ್ಷಿ ಇರಬಹುದು. ಜಂಬಿಟ್ಟಿಗೆ ಕಲ್ಲಿನ ನಮ್ಮ ಗೋವಾದಲ್ಲಿ ಕೆಲವು ಕೊಳವೆಬಾವಿಗಳ ನೀರನ್ನು ಬೆಳಿಗ್ಗೆ ಬಕೆಟ್ಟಿನಲ್ಲಿ ಹಿಡಿದರೆ ಕನ್ನಡಿಯಂತೆ ತಿಳಿಯಾಗಿರುತ್ತದೆ. ಸಂಜೆಗೆ ತಳದಲ್ಲಿ ಕೆಂಪು ಗಸಿ. ನೆಲದೊಳಗೆ ಆಮ್ಲಜನಕವಿಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ. ಗಾಳಿ ತಗುಲಿದಾಗ ಆಕ್ಸೈಡ್ ಆಗಿ ಕೆಳಗೆ ಇಳಿಯುತ್ತದೆ. ಮ್ಯಾಂಗನೀಸಿನದೂ ಇದೇ ಗುಣ, ಬಣ್ಣ ಮಾತ್ರ ಕಪ್ಪು. ನಮ್ಮ ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರಿಗೂ ಕೆಳಗಿನವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ನೀರಿನ ಪದರವಿದೆ. ಇಂಥ ನೀರಿನಲ್ಲಿ ಮ್ಯಾಂಗನೀಸ್ ಕರಗಿ ಓಡಾಡುತ್ತದೆ. ಅದರ ಕೆಳಗಿನ ಆಳದ ನೀರು ತಣ್ಣಗಿದ್ದು ಆಮ್ಲಜನಕವನ್ನು ಹೊತ್ತು ತರುತ್ತದೆ. ಎರಡೂ ಬೆರೆಯುವಲ್ಲಿ ಕಣ್ಣಿಗೆ ಕಾಣದ ಆಕ್ಸೈಡಿನ ಕಣಗಳು ಹುಟ್ಟಿ, ಎದುರು ಸಿಕ್ಕ ಬರಿಮೈ ಕಲ್ಲಿಗೆ ಹತ್ತಿಕೊಳ್ಳುತ್ತವೆ.

ಬರಿಮೈ ಎಂಬುದು ಮುಖ್ಯ. ಸಿಂಧೂ ನದಿ ತಂದು ಸುರಿಯುವ ಹೂಳು ಅರಬ್ಬಿ ಸಮುದ್ರದ ತಳವನ್ನು ದಪ್ಪನಾಗಿ ಮುಚ್ಚಿದೆ. ಹೂಳಿನಡಿ ಹೂತ ಕಲ್ಲಿಗೆ ತೊಗಟೆ ಕಟ್ಟುವುದಿಲ್ಲ. ಏಣು ಎತ್ತರದಲ್ಲಿರುವುದರಿಂದ ಹರಿವು ಅದರ ನೆತ್ತಿಯನ್ನು ಗುಡಿಸುತ್ತಲೇ ಇರುತ್ತದೆ. ಇನ್ನು ಏಣಿನ ನೆತ್ತಿಯ ಮೇಲೆ ಸುಣ್ಣಕಲ್ಲು ಎಲ್ಲಿಂದ ಬಂತು ಎಂದರೆ, ಲಕ್ಷದ್ವೀಪವನ್ನೇ ನೋಡಿ: ಬುಡದಲ್ಲಿ ಜ್ವಾಲಾಮುಖಿಯ ಕಲ್ಲು, ಮೇಲೆ ಹವಳದ ಸುಣ್ಣಕಲ್ಲು. ಅಂಥ ನೆತ್ತಿಗಳು ಕಾಲಕ್ರಮದಲ್ಲಿ ಆಳಕ್ಕೆ ಕುಸಿದಾಗ ಕಣಶಿಲೆಯೇ ನೀರಿಗೆ ಮೈಯೊಡ್ಡಿರುತ್ತದೆ.

ಕೆಲವು ವರ್ಷಗಳ ಹಿಂದೆ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆದಿದ್ದ ದಿನ ನಾನೂ ಹೋಗಿದ್ದೆ. ಈ ಸಂಸ್ಥೆಯ ‘ಗವೇಷಣಿ’ ಹಡಗು 1981ರ ಜನವರಿ 26ರಂದು ಕಡಲಾಳದಿಂದ ಭಾರತದ ಮೊದಲ ಮ್ಯಾಂಗನೀಸ್ ಗಂಟುಗಳನ್ನು ಎತ್ತಿ ತಂದಿತ್ತು. ಗಂಟು ಎಂದರೆ ತೊಗಟೆಯಂತೆಯೇ ಪದರ ಪದರವಾಗಿ ಬೆಳೆದ ಬಿಡಿ ಉಂಡೆ. ತರುಣ ವಿಜ್ಞಾನಿಯೊಬ್ಬರು ಅರ್ಧಕ್ಕೆ ಕೊಯ್ದ ಒಂದು ಗಂಟನ್ನು ನನ್ನ ಕೈಗಿಟ್ಟರು. ಆಲೂಗಡ್ಡೆಯ ಗಾತ್ರ. ಹೊರಮೈ ಒರಟು, ಬೆರಳಿಗೆ ಮಸಿ. ಕೊಯ್ದ ಮುಖದಲ್ಲಿ ಈರುಳ್ಳಿಯಂತೆ ಒಂದರೊಳಗೊಂದು ಬಳೆ. ನಟ್ಟನಡುವೆ ಹಳದಿ ಬಿಳುಪಿನ ಒಂದು ತ್ರಿಕೋನ: ಶಾರ್ಕ್ ಮೀನಿನ ಹಲ್ಲು! ಹಲ್ಲಿನಲ್ಲಿ ಯಾವ ಮ್ಯಾಂಗನೀಸ್ ಇತ್ತು? ಅದು ಕೂರಲು ಜಾಗ ಕೊಟ್ಟಿತು, ಅಷ್ಟೇ. ನಿಮ್ಮ ಪತ್ರ ಓದುವಾಗ ನನಗೆ ಮೊದಲು ನೆನಪಾದದ್ದು ಆ ಹಲ್ಲು.

ಈ ತೊಗಟೆ ಬೆಳೆಯುವ ನಿಧಾನವನ್ನು ನೆನೆದಾಗಲೆಲ್ಲ ನನಗೆ ಮಾತು ನಿಂತುಹೋಗುತ್ತದೆ. 10 ಲಕ್ಷ ವರ್ಷಕ್ಕೆ 1ರಿಂದ 10 ಮಿಲಿಮೀಟರ್. ಕಡಲಿನ ನೀರಿನಲ್ಲಿ ಮ್ಯಾಂಗನೀಸ್ ಅಷ್ಟು ತೆಳು. ಸಾವಿರ ಲೀಟರ್ ತೆರೆದ ಕಡಲ ನೀರಿನಲ್ಲಿ ಒಂದು ಮಿಲಿಗ್ರಾಂ ಕೂಡ ಸಿಗುವುದಿಲ್ಲ. ಅಂಥ ನೀರಿನಿಂದ ಕಣಕಣವಾಗಿ ಕೂಡಿದ ತೊಗಟೆ ಕೆಲವೆಡೆ ಒಂದು ಗೇಣಿನಷ್ಟು ದಪ್ಪವಿದೆ. ಜರ್ಮನಿಯ ವಿಜ್ಞಾನಿಗಳು ಪೆಸಿಫಿಕ್ ಸಾಗರದ ಇಂಥ ತೊಗಟೆಯನ್ನು ಪದರ ಪದರವಾಗಿ ಕೆರೆದು ನೋಡಿ, ಕಬ್ಬಿಣ-60 ಎಂಬ ವಿಕಿರಣಶೀಲ ಕಬ್ಬಿಣವನ್ನು ಕಂಡರು. 1999 ಮತ್ತು 2004ರಲ್ಲಿ ಪ್ರಕಟಿಸಿದರು. ಅದು ಭೂಮಿಯ ಕಬ್ಬಿಣವಲ್ಲ. 20–30 ಲಕ್ಷ ವರ್ಷಗಳ ಹಿಂದೆ ಸಿಡಿದ ಯಾವುದೋ ನಕ್ಷತ್ರದ ಧೂಳು ಕಡಲಿಗೆ ಬಿದ್ದು, ಆ ಕಾಲದ ಪದರದಲ್ಲೇ ಉಳಿದಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಹುಡುಗರಿಗೆ ಇದನ್ನು ನಂಬಿ ಕಾಯಿರಿ ಎಂದು ನಾನು ಹೇಳಲಾರೆ. ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಗಂಟುಗಳನ್ನು ಅನ್ವೇಷಿಸುವ ಹಕ್ಕು ಭಾರತಕ್ಕಿದೆ. ಅಫನಾಸಿ ನಿಕಿತಿನ್ ಎಂಬ ಕಡಲಡಿಯ ಬೆಟ್ಟದ ಕೋಬಾಲ್ಟ್ ತೊಗಟೆಗಾಗಿ 2024ರ ಜನವರಿಯಲ್ಲಿ ಅರ್ಜಿಯನ್ನೂ ಹಾಕಿದೆ. ಇವೆಲ್ಲ ಹುಡುಕಾಟ, ಗಣಿಗಾರಿಕೆಯಲ್ಲ. ತೊಗಟೆಯಲ್ಲಿ ಮ್ಯಾಂಗನೀಸ್ ಸುಮಾರು ಐದನೇ ಒಂದು ಪಾಲು. ನೀವು ತುಂಬಿಸಿದ ಒಳ್ಳೆಯ ಅದಿರಿಗೆ ಅದು ಸಾಟಿಯಲ್ಲ. ಎಲ್ಲರ ಕಣ್ಣಿರುವುದು ಅದರೊಳಗಿನ ಕೋಬಾಲ್ಟ್, ನಿಕಲ್ ಮೇಲೆ. ಅದನ್ನು ಕೆರೆಯುವಾಗ ಕೆಳಗಿನ ಸುಣ್ಣಕಲ್ಲೂ ಕಿತ್ತು ಬಂದರೆ ಅದಿರು ಕಲಬೆರಕೆ.

ನನ್ನ ಅಭಿಪ್ರಾಯ ಕೇಳಿದರೆ, ಆತುರ ಬೇಡ ಎನ್ನುವ ಕಡೆಯವನು ನಾನು. 1989ರಲ್ಲಿ ಪೆರು ದೇಶದ ಎದುರಿನ ಆಳಗಡಲಿನಲ್ಲಿ ಪ್ರಯೋಗಕ್ಕೆಂದು ಗಂಟುಗಳ ತಳವನ್ನು ಉತ್ತು ಬಿಟ್ಟಿದ್ದರು. 26 ವರ್ಷಗಳ ನಂತರ ಹೋಗಿ ನೋಡಿದರೆ ನೇಗಿಲ ಗೆರೆಗಳು ಹಾಗೆಯೇ ಇದ್ದವು. ಗಣಿಯ ಧೂಳನ್ನು ಉಸಿರಾಡಿದ ಸಂಡೂರಿನವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಡೂರಿನ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ತಂದೆಯವರು ಅಗೆದ ಮ್ಯಾಂಗನೀಸ್ ಬೆಂಕಿಯಿಂದ ಬಂದದ್ದು ಎಂದು ಬರೆದಿದ್ದೀರಿ. ಅಲ್ಲ. 250 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿದ್ದ ಆಳವಿಲ್ಲದ ಕಡಲಿನಲ್ಲಿ ಅದು ಪದರ ಪದರವಾಗಿ ಕೂತದ್ದು. ಬಹುಕಾಲದ ನಂತರ ಮಳೆನೀರು ಇಳಿದು ಇಳಿದು ಅದನ್ನು ಗಟ್ಟಿ ಅದಿರಾಗಿಸಿತು. ತಂದೆಯವರ ನೆನಪಿಗೆಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ ಎಂದು ನೀವು ಬರೆದ ಆ ಕಲ್ಲನ್ನು ಒಮ್ಮೆ ಬಿಸಿಲಿನಲ್ಲಿ ಹೊರಳಿಸಿ ನೋಡಿ. ಪಕ್ಕದಲ್ಲಿ ಗೆರೆಗಳು ಕಂಡರೆ ಒಂದು ಚಿತ್ರ ತೆಗೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಅಡಿಬರಹ ಈ ಸಲ ನಿಮ್ಮದೇ ಇರಲಿ.

– ಸಂಪಾದಕ