ಕಾಪರ್-ಟಿ ಹಾಕಿಸಿಕೊಳ್ಳಲಾ, ಬೇಡವಾ?

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ವಂಕಿಯ ಬಗ್ಗೆಯೇ ಇವೆ, ಅಂದರೆ ಬಸಿರು ನಿಲ್ಲದ ಹಾಗೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿಯಂಥ ಸಾಧನದ ಬಗ್ಗೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಹೆಸರು ಬೇಡ ಅಂತ ಎಲ್ಲರೂ ಕೇಳಿದ್ದೀರಿ, ಊರಿನ ಹೆಸರು ಮಾತ್ರ ಹಾಕಿದ್ದೇನೆ.

ನನಗೆ 26 ವರ್ಷ. ಮಗಳಿಗೆ ಒಂದು ವರ್ಷ ಎರಡು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಾಳೆ. ಇನ್ನೊಂದು ಮಗು ಬೇಕು, ಆದರೆ ಮೂರ್ನಾಲ್ಕು ವರ್ಷ ಬಿಟ್ಟು. ಆಶಾ ಅಕ್ಕ ಕಾಪರ್-ಟಿ ಹಾಕಿಸ್ಕೋ ಅಂತಾರೆ. ಅತ್ತೆ ಬೇಡವೇ ಬೇಡ ಅಂತಾರೆ. ಯಾರಿಗೋ ಅದು ಮೇಲಕ್ಕೆ ಹೋಗಿ ಎದೆಗೆ ಸಿಕ್ಕಿಕೊಂಡಿತ್ತಂತೆ. ಬಸುರಿಯಾಗಿದ್ದಾಗ ನನಗೆ ರಕ್ತ ಕಡಿಮೆ ಇತ್ತು, ಹಿಮೋಗ್ಲೋಬಿನ್ 9 ಅಂದಿದ್ದರು. ಏನು ಮಾಡಲಿ? – ತಿಪಟೂರು

ಮೊದಲು ಅತ್ತೆಯವರ ಭಯದ ವಿಷಯ. ಎದೆಗೆ ಹೋಗುವುದಿಲ್ಲ, ಹೋಗಲು ದಾರಿಯೇ ಇಲ್ಲ. ಗರ್ಭಕೋಶಕ್ಕೂ ಹೃದಯಕ್ಕೂ ಅಂಥ ಸಂಪರ್ಕ ಇಲ್ಲ. ಆಗಬಹುದಾದದ್ದು ಏನಂದರೆ, ಸಾವಿರದಲ್ಲಿ ಒಬ್ಬಿಬ್ಬರಿಗೆ ಹಾಕುವ ಹೊತ್ತಿನಲ್ಲಿ ಗರ್ಭಕೋಶದ ಗೋಡೆಗೆ ತೂತಾಗಿ ಅದು ಹೊಟ್ಟೆಯೊಳಗೆ ಜಾರಬಹುದು. ಹಾಗಾದರೆ ದುರ್ಬೀನು ಆಪರೇಷನ್ ಮಾಡಿ ತೆಗೆಯುತ್ತಾರೆ. ಹಾಲು ಕುಡಿಸುವವರಲ್ಲಿ ಇದರ ಸಾಧ್ಯತೆ ಸ್ವಲ್ಪ ಜಾಸ್ತಿ. ಹಾಗಂತ ಹಾಕಿಸಿಕೊಳ್ಳಬಾರದು ಅಂತಲ್ಲ. ಮಗು ಹಾಲು ಕುಡಿಯುತ್ತಿದೆ ಅಂತ ಹಾಕುವವರಿಗೆ ಹೇಳಿ, ಅವರು ಜೋಪಾನ ಮಾಡುತ್ತಾರೆ.

ಆದರೂ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1965ರಲ್ಲಿ ನಮ್ಮ ದೇಶದಲ್ಲಿ ಲಿಪ್ಪೀಸ್ ಲೂಪ್ ಅನ್ನುವ ಬಳುಕುವ ಪ್ಲಾಸ್ಟಿಕ್ ವಂಕಿಯನ್ನು ದೊಡ್ಡ ಮಟ್ಟದಲ್ಲಿ ಹಾಕಲು ಶುರು ಮಾಡಿದರು. ಟಾರ್ಗೆಟ್ ಮುಟ್ಟುವ ಅವಸರ ಇತ್ತು, ಹಾಕಿದ ಮೇಲೆ ವಿಚಾರಿಸಿಕೊಳ್ಳುವವರು ಸಾಲಲಿಲ್ಲ. ರಕ್ತ ಹೋಗಿ ಸುಸ್ತಾದ ಹೆಂಗಸರಿಗೆ ಇದು ಯಾಕೆ ಹೀಗೆ ಅಂತ ಹೇಳುವವರೂ ಇರಲಿಲ್ಲ. ಆ ಕಷ್ಟದ ನೆನಪು ಅಮ್ಮಂದಿರಿಂದ ಮಕ್ಕಳಿಗೆ, ಅತ್ತೆಯಿಂದ ಸೊಸೆಗೆ ಬಂದಿದೆ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಈಗಿನ ಕಾಪರ್-ಟಿಯನ್ನು ಕೈಗೆ ಕೊಡಿ ಅಂತ ಸಿಸ್ಟರ್ ಹತ್ತಿರ ಕೇಳಿ. ತೋರಿಸುವುದಕ್ಕೆ ಅಂತಲೇ ಆಸ್ಪತ್ರೆಗಳಲ್ಲಿ ಒಂದು ಇಟ್ಟಿರುತ್ತಾರೆ. ಮೂರೂವರೆ ಸೆಂಟಿಮೀಟರ್ ಉದ್ದದ, ಟಿ ಆಕಾರದ ಬಿಳಿ ಪ್ಲಾಸ್ಟಿಕ್ ಕಡ್ಡಿ. ಕಾಂಡಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರುತ್ತದೆ, ಎರಡು ತೋಳಿಗೂ ತಾಮ್ರದ ಪುಟ್ಟ ಕೊಳವೆ, ಬುಡದಲ್ಲಿ ಎರಡು ತೆಳ್ಳನೆಯ ದಾರ, ಹಾಕಿದ ಮೇಲೆ ಅದರ ತುದಿ ಯೋನಿಯೊಳಗೆ ಇಳಿದಿರುತ್ತದೆ. ತೋಳುಗಳನ್ನು ಬೆರಳಿಂದ ಒತ್ತಿದರೆ ಬಾಗುತ್ತವೆ, ಬಿಟ್ಟರೆ ಮತ್ತೆ ಅಗಲವಾಗುತ್ತವೆ. ಇಷ್ಟೇ ವಸ್ತು. ಕೈಯಲ್ಲಿ ಹಿಡಿದು ನೋಡಿದ ಮೇಲೆ ಎಷ್ಟೋ ಜನರ ಹೆದರಿಕೆ ಅರ್ಧ ಇಳಿದದ್ದನ್ನು ನಾನೇ ನೋಡಿದ್ದೇನೆ.

ಆ ತಾಮ್ರದಿಂದಲೇ ಕೆಲಸ ನಡೆಯುವುದು. ಅದು ವೀರ್ಯಾಣುಗಳ ಶಕ್ತಿ ಕುಂದಿಸುತ್ತದೆ, ಅವು ಅಂಡಾಣುವನ್ನು ಸೇರುವುದಕ್ಕೆ ಆಗುವುದಿಲ್ಲ. ಇದರಲ್ಲಿ ಹಾರ್ಮೋನ್ ಇಲ್ಲ, ಹಾಗಾಗಿ ಎದೆಹಾಲಿಗೆ ಏನೂ ಆಗುವುದಿಲ್ಲ. ಮೊದಲ ವರ್ಷದಲ್ಲಿ ಬಸಿರು ನಿಲ್ಲುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ದಿನಾ ನುಂಗುವ ಗುಳಿಗೆಯಲ್ಲಿ, ಮರೆಯುವವರನ್ನೂ ಸೇರಿಸಿದರೆ, ನೂರಕ್ಕೆ ಸುಮಾರು ಏಳು, ನಿರೋಧ್‌ನಲ್ಲಿ ಸುಮಾರು ಹದಿಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಥರ ಉಚಿತವಾಗಿ ಸಿಗುತ್ತವೆ. ಒಂದು 380-ಎ, ಅದು 10 ವರ್ಷ ಬರುತ್ತದೆ. ಇನ್ನೊಂದು 375, ಅದು 5 ವರ್ಷ. ನಿಮಗೆ ಎರಡೂ ಆಗುತ್ತದೆ. 10 ವರ್ಷದ್ದು ಅಂದರೆ 10 ವರ್ಷ ಇಟ್ಟುಕೊಳ್ಳಲೇಬೇಕು ಅಂತ ಅಲ್ಲ. ಮುಂದಿನ ವರ್ಷ ಮನಸ್ಸು ಬದಲಾದರೂ ತೆಗೆಸಬಹುದು, ತೆಗೆಸಿದ ಮುಂದಿನ ತಿಂಗಳೇ ಬಸಿರು ನಿಲ್ಲಬಹುದು.

ನನಗೆ ನಿಮ್ಮ ಪತ್ರದಲ್ಲಿ ಯೋಚನೆ ಆಗಿದ್ದು ಆ 9ರ ಬಗ್ಗೆ. ಕಾಪರ್-ಟಿ ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಹೊಟ್ಟೆನೋವೂ ಇರುತ್ತದೆ. ಬಹಳ ಜನಕ್ಕೆ ಆಮೇಲೆ ತಾನಾಗೇ ಕಡಿಮೆಯಾಗುತ್ತದೆ. ಆದರೆ ಮೊದಲೇ ರಕ್ತ ಕಡಿಮೆ ಇರುವವರಿಗೆ ಆ ತಿಂಗಳುಗಳು ಕಷ್ಟ. ರಕ್ತ ಕಡಿಮೆ ಇದ್ದರೆ ಹಾಕಲೇಬಾರದು ಅಂತ ನಿಯಮ ಇಲ್ಲ, ಆದರೆ ನೀವು ಈಗಲೇ ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಶುರು ಮಾಡಿ, ಊಟವಾದ ತಕ್ಷಣ ಕಾಫಿ ಟೀ ಬೇಡ, ಅದು ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತದೆ. ಸ್ವಲ್ಪ ಏರಿದ ಮೇಲೆ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ನಿರೋಧ್ ಇರಲಿ. ಮುಟ್ಟಿನಲ್ಲಿ ಮೊದಲಿಂದಲೂ ಜಾಸ್ತಿ ಹೋಗುವವರಾದರೆ ಕಾಪರ್-ಟಿ ಬದಲು ಬಸಿರು ತಡೆಯುವ ಛಾಯಾ ಮಾತ್ರೆ ಕೇಳಿ. ಹಾರ್ಮೋನ್ ಇಲ್ಲದ್ದು, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲು ಕುಡಿಸುವವರೂ ತೆಗೆದುಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಕೂಡ ಇದೆ, ಆದರೆ ಅದನ್ನು ನಿಲ್ಲಿಸಿದ ಮೇಲೆ ಬಸಿರು ನಿಲ್ಲುವುದು ಕೆಲವು ತಿಂಗಳು ತಡವಾಗುತ್ತದೆ.

ಹಾಕಿಸುವ ದಿನದ ಬಗ್ಗೆ ಹೇಳಿಬಿಡುತ್ತೇನೆ, ಯಾಕಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮುಟ್ಟು ಶುರುವಾದ 12 ದಿನದೊಳಗೆ ಹೋದರೆ ಒಳ್ಳೆಯದು. ಹಾಲು ಕುಡಿಸುತ್ತಿರುವುದರಿಂದ ನಿಮಗೆ ಇನ್ನೂ ಮುಟ್ಟೇ ಬಂದಿಲ್ಲ ಅಂದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಲೇಬೇಕು, ಮುಟ್ಟು ಬರದೆಯೇ ಬಸಿರು ನಿಂತಿರಬಹುದು. ಮಲಗಿಸಿ, ಒಳಗೆ ಕೈಯಿಟ್ಟು ಗರ್ಭಕೋಶ ಯಾವ ಕಡೆ ವಾಲಿದೆ ಅಂತ ನೋಡುತ್ತಾರೆ. ಆಮೇಲೆ ಉಪಕರಣದಿಂದ ಯೋನಿ ಅಗಲಿಸಿ, ಔಷಧಿ ಹಚ್ಚಿ ಒರೆಸುತ್ತಾರೆ. ಗರ್ಭಕೋಶದ ಬಾಯಿ ಹಿಡಿದಾಗ ಒಂದು ಚುಚ್ಚು, ಆಳ ಅಳೆಯುವಾಗ ಮುಟ್ಟಿನ ನೋವಿನಂಥ ಹಿಂಡುವ ನೋವು, ಕೊಳವೆಯಿಂದ ಟಿ ಬಿಡುವಾಗ ಇನ್ನೊಂದು ಸಲ ಅದೇ ನೋವು. ಎಲ್ಲಾ ಸೇರಿ ಐದತ್ತು ನಿಮಿಷ. ಕೆಲವರಿಗೆ ತಲೆ ಸುತ್ತುತ್ತದೆ, ಹಾಗಾಗಿ ತಕ್ಷಣ ಎದ್ದು ಬಸ್ಸಿಗೆ ಓಡಬೇಡಿ, ಅರ್ಧ ಗಂಟೆ ಕೂತಿರಿ. ನೋವಿನ ಮಾತ್ರೆ ಕೊಡಿ ಅಂತ ಮೊದಲೇ ಕೇಳಿ, ನಾಚಿಕೆ ಬೇಡ. ನಿಲ್ಲಿಸಿ ಅಂತ ನೀವು ಯಾವ ಹಂತದಲ್ಲಿ ಬೇಕಾದರೂ ಹೇಳಬಹುದು. ಯಾವ ಥರದ್ದು, ಯಾವ ದಿನ ಹಾಕಿದ್ದು, ಯಾವಾಗ ತೆಗೆಸಬೇಕು, ಇದನ್ನೆಲ್ಲ ಬರೆದ ಕಾರ್ಡ್ ಕೇಳಿ ಪಡೆದುಕೊಳ್ಳಿ. ಒಂದು ಮುಟ್ಟು ಮುಗಿದ ಮೇಲೆ ಹೋಗಿ ತೋರಿಸಿ.

ಚಳಿಜ್ವರ, ಕೆಟ್ಟ ವಾಸನೆಯ ಬಿಳಿಸೆರಗು, ತಡೆಯಲಾಗದ ಕಿಬ್ಬೊಟ್ಟೆ ನೋವು, ಮುಟ್ಟು ತಪ್ಪುವುದು, ದಾರ ಕೈಗೆ ಸಿಗದಿರುವುದು ಅಥವಾ ಗಟ್ಟಿ ಪ್ಲಾಸ್ಟಿಕ್ ಕೈಗೆ ತಾಗುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯಬೇಡಿ, ಅವತ್ತೇ ಹೋಗಿ.

ನನ್ನ ಸಲಹೆ ಕೇಳಿದ್ದರಿಂದ ಹೇಳುತ್ತೇನೆ: ನಿಮ್ಮ ವಯಸ್ಸಿಗೆ, ನಿಮಗೆ ಬೇಕಾದ ಅಂತರಕ್ಕೆ, ಇದು ಒಳ್ಳೆಯ ಆಯ್ಕೆ. ರಕ್ತ ಸರಿಮಾಡಿಕೊಂಡು ಹೋಗಿ. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡವರು, ಅದರಲ್ಲಿ ಎಷ್ಟೋ ಜನ ನಿಮ್ಮ ವಯಸ್ಸಿಗೇ. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ. ಬೇಕಾದಾಗ ತೆಗೆಸಬಹುದಾದ ಒಂದು ದಾರಿ ಇದೆ ಅಂತ ಹುಡುಗಿಯರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಹೆರಿಗೆಯಾದ ನಾಲ್ಕು ತಿಂಗಳ ನಂತರ ಸ್ಕ್ಯಾನ್‌ನಲ್ಲಿ ಗೊತ್ತಾಯಿತು, ನನಗೆ ಕಾಪರ್-ಟಿ ಹಾಕಿದ್ದಾರೆ! ನನ್ನನ್ನು ಯಾರೂ ಕೇಳಿಲ್ಲ. ತೆಗೆಯಿರಿ ಅಂದರೆ ಗಂಡನನ್ನು ಕರೆದುಕೊಂಡು ಬಾ, ಈಗಲೇ ಯಾಕೆ ತೆಗೆಸ್ತೀಯ ಅಂತ ಬೈದು ಕಳಿಸಿದರು. – ರಾಯಚೂರು

ನಿಮಗೆ ಆಗಿದ್ದು ಅನ್ಯಾಯ. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಹಾಕುವ ಪದ್ಧತಿ ಇದೆ, ಅದು ಸುರಕ್ಷಿತವೂ ಹೌದು, ಮತ್ತೆ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ. ಆದರೆ ಬಸುರಿಯಾಗಿದ್ದಾಗಲೇ ತಪಾಸಣೆಗೆ ಬಂದ ದಿನ ಕೂರಿಸಿ ಹೇಳಿ, ಹೂಂ ಅನ್ನಿಸಿಕೊಂಡು ಹಾಕಬೇಕು. ನೋವು ತಿನ್ನುತ್ತಾ ಮಲಗಿದವಳ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ಕೇಳದೇ ಹಾಕಿದರೆ ಅದು ಎಷ್ಟೇ ಒಳ್ಳೆಯ ಸಾಧನವಾಗಿದ್ದರೂ ತಪ್ಪೇ.

ತೆಗೆಸುವುದಕ್ಕೆ ಗಂಡನ ಸಹಿ ಬೇಕಿಲ್ಲ, ಕಾರಣವನ್ನೂ ಹೇಳಬೇಕಿಲ್ಲ. ನನಗೆ ಬೇಡ ಅಂದರೆ ಸಾಕು. ಅಲ್ಲೇ ಹೋಗಬೇಕು ಅಂತಿಲ್ಲ, ಬೇರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ದಾರ ಕಾಣಿಸಿದರೆ ಎಳೆದು ತೆಗೆಯುವುದು ಒಂದೆರಡು ನಿಮಿಷದ ಕೆಲಸ. ಅಲ್ಲೂ ಇಲ್ಲ ಅಂದರೆ 104ಕ್ಕೆ, ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಡಿ. ಒಂದು ಮಾತು ನೆನಪಿಡಿ: ತಕ್ಷಣ ಇನ್ನೊಂದು ಮಗು ಬೇಡವಾದರೆ, ತೆಗೆಸುವ ಒಂದು ವಾರ ಮೊದಲಿಂದಲೇ ನಿರೋಧ್ ಬಳಸಿ. ವೀರ್ಯಾಣು ಐದು ದಿನದವರೆಗೂ ಬದುಕಿರುತ್ತದೆ, ತೆಗೆಸಿದ ಮೇಲೆ ಹಿಂದಿನ ವಾರದ್ದೂ ಲೆಕ್ಕಕ್ಕೆ ಬರುತ್ತದೆ.

ಕಾಪರ್-ಟಿ ಹಾಕಿಸಿದ ಮೇಲೆ ನನ್ನವರಿಗೆ ದಾರ ಚುಚ್ಚುತ್ತದಂತೆ. ತೆಗೆಸಿಬಿಡಲಾ? – ಪುತ್ತೂರು

ಬೇಡ. ದಾರ ತುಂಬಾ ಗಿಡ್ಡವಾಗಿ ಕತ್ತರಿಸಿದಾಗ ತುದಿ ಚುಚ್ಚುತ್ತದೆ, ಉದ್ದ ಇದ್ದರೆ ಮೆತ್ತಗೆ ಮಡಚಿಕೊಂಡು ಒಳಗೇ ಕೂರುತ್ತದೆ. ಹೋಗಿ ತೋರಿಸಿ, ಸರಿಪಡಿಸುತ್ತಾರೆ. ನೀವೇ ಮನೆಯಲ್ಲಿ ಎಳೆಯಬೇಡಿ.

ವಯಸ್ಸು 41, ಇಬ್ಬರು ಮಕ್ಕಳು. ಮುಟ್ಟಿನಲ್ಲಿ ಗಡ್ಡೆಗಡ್ಡೆಯಾಗಿ ಹೋಗುತ್ತದೆ, ಹತ್ತು ದಿನ ನಿಲ್ಲುವುದಿಲ್ಲ. ಗರ್ಭಕೋಶ ತೆಗೆಸಿಬಿಡಿ ಅಂದಿದ್ದಾರೆ. ಹಾರ್ಮೋನ್ ಇರುವ ವಂಕಿ ಅಂತ ಒಂದಿದೆಯಂತೆ, ಹೌದಾ? – ಹುಬ್ಬಳ್ಳಿ

ಇದೆ. ಗರ್ಭಕೋಶ ತೆಗೆಸುವ ಮೊದಲು ನೀವು ಅದನ್ನು ಕೇಳಲೇಬೇಕು. ನೋಡುವುದಕ್ಕೆ ಅದೂ ಟಿ ಆಕಾರವೇ. ತಾಮ್ರದ ಬದಲು ಅದರಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಇರುತ್ತದೆ, ದಿನಾ ಚೂರುಚೂರೇ ಹೊರಬರುತ್ತದೆ. ಗರ್ಭಕೋಶದ ಒಳಪದರ ತೆಳ್ಳಗಾಗಿ ರಕ್ತ ಹೋಗುವುದು ಬಹಳ ಕಡಿಮೆಯಾಗುತ್ತದೆ. ನಿಮಗೆ ಸಾದಾ ಕಾಪರ್-ಟಿ ಬೇಡ, ಅದು ಇರುವ ತೊಂದರೆಯನ್ನು ಜಾಸ್ತಿ ಮಾಡುತ್ತದೆ.

ಆದರೆ ಅದಕ್ಕೆ ಮೊದಲು ಯಾಕೆ ಹೀಗೆ ಹೋಗುತ್ತಿದೆ ಅಂತ ಗೊತ್ತಾಗಬೇಕು. ಸ್ಕ್ಯಾನ್, ಹಿಮೋಗ್ಲೋಬಿನ್, ಥೈರಾಯ್ಡ್ ಆಗಲಿ. ನಿಮ್ಮ ವಯಸ್ಸಿಗೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದೂ ಬೇಕಾಗಬಹುದು. ಗರ್ಭಕೋಶದಲ್ಲಿ ಬೆಳೆದ ಗೆಡ್ಡೆಯಿಂದ ಒಳಗಿನ ಜಾಗದ ಆಕಾರವೇ ಕೆಟ್ಟಿದ್ದರೆ ವಂಕಿ ಕೂರುವುದಿಲ್ಲ. ಸ್ತನ ಕ್ಯಾನ್ಸರ್ ಆಗಿರುವವರಿಗೂ ಇದು ಆಗುವುದಿಲ್ಲ. ಮೊದಲ ಮೂರರಿಂದ ಆರು ತಿಂಗಳು ಹೊತ್ತಲ್ಲದ ಹೊತ್ತಲ್ಲಿ ಕಲೆ ಕಲೆಯಾಗಿ ಕಾಣಿಸಿಕೊಳ್ಳುತ್ತದೆ, ಇದಕ್ಕೇ ಬೇಜಾರಾಗಿ ಎಷ್ಟೋ ಜನ ತೆಗೆಸಿಬಿಡುತ್ತಾರೆ. ತಡೆದುಕೊಂಡರೆ ಆಮೇಲೆ ಆರಾಮ. ಕೆಲವರಿಗೆ ಮುಟ್ಟೇ ನಿಂತುಹೋಗುತ್ತದೆ. ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಅಂತ ಹೆದರಬೇಡಿ, ಪದರವೇ ಬೆಳೆಯದಿದ್ದ ಮೇಲೆ ಹೋಗುವುದಕ್ಕೆ ಏನೂ ಇರುವುದಿಲ್ಲ. ಖಾಸಗಿಯಲ್ಲಿ ಸಾವಿರಗಟ್ಟಲೆ ಖರ್ಚಾಗುತ್ತದೆ, ನಿಜ. ಆದರೂ ಆಪರೇಷನ್‌ಗಿಂತ ಕಡಿಮೆಯೇ, ತಿಂಗಳುಗಟ್ಟಲೆ ಮಲಗುವುದೂ ಬೇಡ.

24 ವರ್ಷ, ಮದುವೆಯಾಗಿಲ್ಲ, ಬೆಂಗಳೂರಲ್ಲಿ ಕೆಲಸ. ಆಗಾಗ ಎಮರ್ಜೆನ್ಸಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗು ಆಗದವರಿಗೆ ವಂಕಿ ಹಾಕಲ್ಲ ಅಂತಾರೆ, ಹೌದಾ?

ಮಗು ಆಗದವರಿಗೂ ಹಾಕಬಹುದು, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯೂ ಹಾಗೇ ಹೇಳುತ್ತದೆ. ಹಾಕುವಾಗ ನೋವು ಸ್ವಲ್ಪ ಜಾಸ್ತಿ ಇರಬಹುದು, ತಾನಾಗೇ ಜಾರಿ ಹೊರಬರುವ ಸಾಧ್ಯತೆಯೂ ಇದೆ. ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಮದುವೆಯಾಗಿರಬೇಕು ಅನ್ನುವ ಕಾನೂನೂ ಇಲ್ಲ. ಒಬ್ಬ ಡಾಕ್ಟರ್ ಮುಖ ಸಿಂಡರಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ಎಮರ್ಜೆನ್ಸಿ ಮಾತ್ರೆ ಯಾವಾಗಲೋ ಒಮ್ಮೆಗೆ ಸರಿ, ಅದನ್ನೇ ನೆಚ್ಚಿಕೊಂಡರೆ ಬಸಿರು ನಿಲ್ಲುವ ಸಾಧ್ಯತೆ ಜಾಸ್ತಿ. ಅಸುರಕ್ಷಿತ ಸಂಪರ್ಕವಾದ ಐದು ದಿನದೊಳಗೆ ಕಾಪರ್-ಟಿ ಹಾಕಿಸಿದರೆ ಅದು ಮಾತ್ರೆಗಿಂತ ಚೆನ್ನಾಗಿ ಬಸಿರು ತಡೆಯುತ್ತದೆ, ಆಮೇಲೆ ವರ್ಷಗಟ್ಟಲೆ ಇರುತ್ತದೆ. ಈ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ.

ಆದರೆ ಎಚ್‌ಐವಿ ಆಗಲಿ, ಬೇರೆ ಲೈಂಗಿಕ ಸೋಂಕಾಗಲಿ ವಂಕಿಯಿಂದ ನಿಲ್ಲುವುದಿಲ್ಲ. ಈಗಾಗಲೇ ಸೋಂಕಿದ್ದು ಹಾಕಿಸಿಕೊಂಡರೆ ಅದು ಗರ್ಭಕೋಶಕ್ಕೆ ಏರಬಹುದು, ಅದಕ್ಕೇ ಬಿಳಿಸೆರಗು, ಉರಿ, ತುರಿಕೆ ಏನಾದರೂ ಇದ್ದರೆ ಮುಚ್ಚಿಡದೆ ಹೇಳಿ ಪರೀಕ್ಷೆ ಮಾಡಿಸಿ. ವಂಕಿ ಹಾಕಿಸಿದ ಮೇಲೂ ಕಾಂಡೋಮ್ ಬಿಡಬೇಡಿ. ಜೊತೆಗಾರ ಬೇಡ ಅಂದರೂ ನೀವು ಬೇಕು ಅನ್ನಿ.