ಐದು ನಿಮಿಷದಲ್ಲಿ ಲೆಕ್ಕ ಮುಗಿಸಿದವಳು ಉಳಿದ ಹೊತ್ತು ಏನು ಮಾಡಬೇಕು?

ಸಂಪಾದಕರ ಉತ್ತರ

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ನೀವು ಕೇಳಿದ್ದು ಇನ್ನೂ ಎಷ್ಟೋ ಮನೆಗಳಲ್ಲಿ ಇರುವ ಪ್ರಶ್ನೆ. ಹಾಗಾಗಿ ಎಲ್ಲರೂ ಓದುವಂತೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಪತ್ರ ಓದದವರಿಗಾಗಿ ಎರಡು ಮಾತು. ಇವರ ಮಗಳು ಮೂರನೇ ತರಗತಿ. ಬೋರ್ಡಿನ ಮೇಲೆ ಬರೆದ ಹತ್ತು ಲೆಕ್ಕವನ್ನು ಐದು ನಿಮಿಷದಲ್ಲಿ ಮುಗಿಸುತ್ತಾಳೆ. ಆಮೇಲೆ ಟೀಚರ್ ಅದೇ ಥರದ ಇನ್ನೂ ಹತ್ತು ಕೊಡುತ್ತಾರೆ. ಅದೂ ಮುಗಿದರೆ ಪಕ್ಕದವರಿಗೆ ಹೇಳಿಕೊಡು ಅನ್ನುತ್ತಾರೆ. ಈಗೀಗ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಅನ್ನುತ್ತಾಳೆ. ರಜೆಯ ದಿನ ಮಾತ್ರ ನೋವಿಲ್ಲ. ಶಾಲೆಯಲ್ಲಿ ಪ್ರತಿಭಾವಂತ ಮಕ್ಕಳಿಗೆಂದು ವಾರಕ್ಕೊಂದು ಗಂಟೆ ಬೇರೆ ಕ್ಲಾಸ್ ಇದೆ. ಅದರ ಪರೀಕ್ಷೆಯಲ್ಲಿ ಇವಳಿಗೆ ಎರಡು ಅಂಕ ಕಡಿಮೆ ಬಂತು, ಸೇರಿಸಿಕೊಳ್ಳಲಿಲ್ಲ. ಹೆಡ್‌ಮಾಸ್ಟರು 'ಬೇಕಾದರೆ ಡಬಲ್ ಪ್ರಮೋಷನ್ ಕೊಡೋಣ' ಎಂದಿದ್ದಾರೆ. ಕೊಟ್ಟರೆ ಅವಳು ಬರುವ ವರ್ಷ ಅಣ್ಣನ ತರಗತಿಯಲ್ಲೇ ಕೂರಬೇಕು. 'ಏನು ಮಾಡಲಿ? ನನ್ನದು ಜಾಸ್ತಿ ಆಸೆಯಾ?' ಎಂದು ಪತ್ರ ಮುಗಿಸಿದ್ದಾರೆ.

ಜಾಸ್ತಿ ಆಸೆ ಅಲ್ಲ. ಮಗು ಶಾಲೆಗೆ ಹೋಗುವುದು ಗೊತ್ತಿಲ್ಲದ್ದನ್ನು ಕಲಿಯುವುದಕ್ಕೆ. ನಿಮ್ಮ ಮಗಳು ಗೊತ್ತಿರುವುದನ್ನೇ ದಿನವೂ ಬರೆದು ಬರುತ್ತಿದ್ದಾಳೆ. ಹೊಟ್ಟೆನೋವನ್ನು ಮೊದಲು ಡಾಕ್ಟರಿಗೆ ತೋರಿಸಿ, ಅದನ್ನು ಮುಂದೂಡಬೇಡಿ. ಏನೂ ಇಲ್ಲ ಎಂದರೆ ಶಾಲೆಯ ಜೊತೆ ಮಾತಾಡುವುದು ಬಾಕಿ ಇದೆ.

ಪತ್ರಿಕೆಗೆ ಬರುವ ಮುಂಚೆ ನಾನು ಆರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಭಾಗಾಕಾರದ ಲೆಕ್ಕ ಎಲ್ಲರಿಗಿಂತ ಮೊದಲು ಮುಗಿಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಕೂತಿರುತ್ತಿದ್ದ. ಒಂದು ದಿನ ನೋಟ್‌ಬುಕ್ ಕಿತ್ತುಕೊಂಡು ನೋಡಿದೆ. ಒಂದು ಚುಕ್ಕಿ. ಅದರ ಮಗ್ಗುಲಿಗೆ, ಕೆಳಕ್ಕೆ, ಮೂಲೆಗೆ ಮೂರು ಚುಕ್ಕಿ. ಅದನ್ನು ಸುತ್ತಿ ಐದು. ಆಮೇಲೆ ಏಳು. ಪ್ರತಿ ಸಲವೂ ಚೌಕ ದೊಡ್ಡದಾಗುತ್ತಾ ಹೋಗಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 1, 4, 9, 16 ಎಂದು ಬರೆದಿದ್ದ. ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ವರ್ಗ ಸಂಖ್ಯೆ ಬರುತ್ತದೆ ಎನ್ನುವುದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡಿದ್ದ. ನಾನು ಮಾಡಿದ್ದೇನು ಗೊತ್ತಾ? 'ಆಟ ಸಾಕು, ಇನ್ನೂ ಹತ್ತು ಲೆಕ್ಕ ಮಾಡು' ಎಂದೆ. ಆ ಹಾಳೆಯಲ್ಲಿ ಏನಿತ್ತು ಅನ್ನುವುದು ನನಗೆ ಹೊಳೆದದ್ದು ರಾತ್ರಿ. ಮರುದಿನ ಕೇಳಿದರೆ ಅವನು ಹಾಳೆ ಹರಿದು ಬಿಸಾಕಿದ್ದ. ಆಮೇಲೆ ಆ ವರ್ಷ ಅವನ ಚುಕ್ಕಿಗಳು ನನಗೆ ಮತ್ತೆ ಕಾಣಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಅದಕ್ಕೇ ಹೇಳುತ್ತೇನೆ. ಬೇಗ ಕಲಿಯುವ ಮಗುವಿಗೆ ಬೇಕಾದ್ದು ಇನ್ನಷ್ಟು ಕೆಲಸ ಅಲ್ಲ, ಬೇರೆ ಕೆಲಸ. ಹತ್ತು ಮುಗಿಸಿದವಳಿಗೆ ಅಂಥವೇ ಇನ್ನು ಹತ್ತು ಕೊಟ್ಟರೆ ಅವಳು ಕಲಿಯುವುದು ಒಂದೇ ಪಾಠ: ಮುಂದಿನ ಸಲ ನಿಧಾನ ಮಾಡಬೇಕು. ಪಕ್ಕದವರಿಗೆ ಹೇಳಿಕೊಡುವುದೂ ಅಷ್ಟೆ. ಯಾವಾಗಲೋ ಒಮ್ಮೆಯಾದರೆ ಚೆಂದ. ದಿನವೂ ಆದರೆ ಎಂಟು ವರ್ಷದ ಮಗುವನ್ನು ಸಂಬಳವಿಲ್ಲದ ಸಹಶಿಕ್ಷಕಿ ಮಾಡಿದ ಹಾಗೆ.

ಶಾಲೆ ಏನು ಮಾಡಬಹುದು? ತುಂಬ ಸರಳವಾದ ಒಂದು ಕ್ರಮ ಇದೆ. ಪಾಠ ಶುರು ಮಾಡುವ ಮುಂಚೆಯೇ ಆ ಪಾಠದ ಪರೀಕ್ಷೆ ಕೊಡುವುದು. ಗೊತ್ತಿರುವ ಭಾಗವನ್ನು ಆ ಮಗುವಿಗೆ ಬಿಟ್ಟುಬಿಡುವುದು. ಉಳಿದ ಹೊತ್ತಿನಲ್ಲಿ ಆಳವಾದದ್ದನ್ನು ಕೊಡುವುದು. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸ್ಯಾಲಿ ರೀಸ್ ಮತ್ತು ಜೊತೆಗಾರರು ಇದನ್ನು ಮಾಮೂಲಿ ತರಗತಿಗಳಲ್ಲೇ ಮಾಡಿ ನೋಡಿದರು. 1993ರಲ್ಲಿ ಫಲಿತಾಂಶ ಹೊರಬಂತು. ಚುರುಕು ಮಕ್ಕಳ ಪಾಲಿಗೆ ಮಾಮೂಲಿ ಪಾಠದಲ್ಲಿ 40ರಿಂದ 50 ಶೇಕಡಾದಷ್ಟನ್ನು ಟೀಚರ್‌ಗಳು ತೆಗೆದುಹಾಕಿದ್ದರು. ಆದರೂ ಪರೀಕ್ಷೆಯಲ್ಲಿ ಆ ಮಕ್ಕಳ ಅಂಕ ಇಳಿಯಲಿಲ್ಲ. ಅಂದರೆ ಹೆಚ್ಚುಕಡಿಮೆ ಅರ್ಧ ಪಾಠ ಅವರಿಗೆ ಬೇಕಾಗಿಯೇ ಇರಲಿಲ್ಲ.

ಟೀಚರಿಗೆ ಇದರಿಂದ ಕೆಲಸ ಜಾಸ್ತಿ ಆಗುವುದಿಲ್ಲವಾ ಅಂತ ಕೇಳಬಹುದು. ಸ್ವಲ್ಪ ಆಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ನಿಂತವನಾಗಿ ನನಗೆ ಅದು ಗೊತ್ತು. ಅದಕ್ಕೆ ಸುಲಭದ ದಾರಿ, ಕಷ್ಟದ ಲೆಕ್ಕ ಮೊದಲು. ಬೋರ್ಡಿನ ಹತ್ತು ಲೆಕ್ಕದಲ್ಲಿ ಅತಿ ಕಷ್ಟದ ಐದಕ್ಕೆ ಗುರುತು ಹಾಕಿ. ಯಾರು ಬೇಕಾದರೂ ಮೊದಲು ಆ ಐದನ್ನೇ ಮಾಡಬಹುದು. ಸರಿ ಬಂದರೆ ಉಳಿದ ಐದು ಮಾಡಬೇಕಿಲ್ಲ. ತಪ್ಪಿದರೆ ಎಲ್ಲರ ಜೊತೆ ಹತ್ತೂ ಮಾಡಬೇಕು. ಯಾರನ್ನೂ ಹೆಸರು ಹಿಡಿದು ಕರೆಯಬೇಕಿಲ್ಲ, ಯಾರಿಗೂ 'ಬುದ್ಧಿವಂತ' ಅನ್ನುವ ಚೀಟಿ ಅಂಟಿಸಬೇಕಿಲ್ಲ.

ಉಳಿದ ಹೊತ್ತಿಗೆ ಏನು ಕೊಡಬೇಕು ಅನ್ನುವುದೇ ಮುಖ್ಯ. ಬಣ್ಣ ತುಂಬುವ ಹಾಳೆ ಬೇಡ, ಮುಂದಿನ ತರಗತಿಯ ಪುಸ್ತಕವೂ ಬೇಕಾಗಿಲ್ಲ. ಅದೇ ಪಾಠದ ಒಳಗೆ ಇನ್ನೂ ಕೆಳಕ್ಕೆ ಇಳಿಯಬಹುದು. ಮೂರನೇ ತರಗತಿಯಲ್ಲಿ ಸಾಲ ತೆಗೆದುಕೊಂಡು ಕಳೆಯುವ ಲೆಕ್ಕ ನಡೆಯುತ್ತಿದೆ ಅಂದುಕೊಳ್ಳಿ. 5003ರಲ್ಲಿ 1287 ಕಳೆ ಎಂದರೆ ನಿಮ್ಮ ಮಗಳು 3716 ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತಾಳೆ. ಅವಳಿಗೆ ಹೀಗೆ ಹೇಳಿ ನೋಡಿ. ಮೂರು ಅಂಕಿಯ ಒಂದು ಸಂಖ್ಯೆ ತಗೋ. ಮೊದಲ ಅಂಕಿ ಕೊನೆಯದಕ್ಕಿಂತ ದೊಡ್ಡದಿರಲಿ. ಅದನ್ನು ತಿರುಗಿಸಿ ಬರೆದು ಕಳೆ. 732ರಲ್ಲಿ 237 ಹೋದರೆ 495. 841ರಲ್ಲಿ 148 ಹೋದರೆ 693. ಇನ್ನೂ ನಾಲ್ಕು ಮಾಡು. ಮಧ್ಯದಲ್ಲಿ ಯಾವಾಗಲೂ 9 ಬರುತ್ತಿದೆ, ಯಾಕೆ? ಉತ್ತರ ಸಾಲ ತೆಗೆದುಕೊಳ್ಳುವುದರಲ್ಲೇ ಅಡಗಿದೆ. ಪಾಠ ಬದಲಾಗಲಿಲ್ಲ. ಟೀಚರಿಗೆ ಹೊಸ ಪುಸ್ತಕ ಬೇಕಾಗಲಿಲ್ಲ. ಆದರೆ ಆ ಮಗು ಇವತ್ತು ಮೊದಲ ಸಲ ತಲೆ ಕೆರೆದುಕೊಂಡು ಕೂರುತ್ತದೆ.

ಆ ತಲೆ ಕೆರೆದುಕೊಳ್ಳುವುದು ಈಗಲೇ ಬೇಕು. ಪ್ರಾಥಮಿಕ ಶಾಲೆಯ ಅಷ್ಟೂ ವರ್ಷ ಒಮ್ಮೆಯೂ ಎಡವದ ಮಗು ಮುಂದೆ ಹೈಸ್ಕೂಲಿನಲ್ಲೋ ಕಾಲೇಜಿನಲ್ಲೋ ಮೊದಲ ಕಷ್ಟದ ಲೆಕ್ಕ ಎದುರಾದಾಗ 'ನನಗೆ ಬುದ್ಧಿ ಇಲ್ಲ' ಅಂದುಕೊಂಡುಬಿಡುತ್ತದೆ. ಕಷ್ಟಪಡುವುದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ಇದು ಹೊಸ ಮಾತೇನಲ್ಲ. 1936ರಲ್ಲೇ ಲೀಟಾ ಹಾಲಿಂಗ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆಯ ಉಸ್ತುವಾರಿಯಲ್ಲಿ ನ್ಯೂಯಾರ್ಕಿನ ಸ್ಪೇಯರ್ ಶಾಲೆಯಲ್ಲಿ ಬೇಗ ಕಲಿಯುವ ಮಕ್ಕಳ ತರಗತಿಗಳು ಶುರುವಾದವು. ಮಾಮೂಲಿ ಪಾಠ ಬೇಗ ಮುಗಿಯುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಆಕೆ ಮಕ್ಕಳನ್ನು ಮೇಲಿನ ತರಗತಿಗೆ ಓಡಿಸಲಿಲ್ಲ. ಬಟ್ಟೆ, ಮನೆ, ದೀಪ, ಬಂಡಿ ಇಂಥ ದಿನಬಳಕೆಯ ವಸ್ತುಗಳು ಹೇಗೆ ಹುಟ್ಟಿ ಹೇಗೆ ಬದಲಾಗುತ್ತಾ ಬಂದವು ಎಂದು ಅವರೇ ಹುಡುಕಿ ತಿಳಿಯಲು ಬಿಟ್ಟಳು. ಈ ಯೋಚನೆ ನನಗೆ ತುಂಬಾ ಇಷ್ಟ. ಇಂಥ ಪ್ರಶ್ನೆಗೆ ಎಂಟು ವರ್ಷದವರೂ ಕೈ ಹಾಕಬಹುದು, ಅದು ಮುಗಿದುಹೋಗುವ ಪ್ರಶ್ನೆಯೂ ಅಲ್ಲ.

ಇನ್ನು ಆ ಪರೀಕ್ಷೆ, ಆ ಎರಡು ಅಂಕ. ದಯವಿಟ್ಟು ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಮಗಳ ಮುಂದೆ ಅದರ ಮಾತೂ ಬೇಡ. ಬುದ್ಧಿ ಅಳೆಯುವ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮೊದಲು ಮಾಡಿದ್ದು ಮೇಲಿನವರನ್ನು ಆರಿಸುವುದಕ್ಕಲ್ಲ, ಯಾವ ಮಗುವಿಗೆ ಸಹಾಯ ಬೇಕು ಅಂತ ತಿಳಿಯುವುದಕ್ಕೆ. ಅದನ್ನು ಜರಡಿ ಮಾಡಿಕೊಂಡದ್ದು ಆಮೇಲೆ. 1921ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಹುಡುಕಲು ಹೊರಟ. ಆರಿಸಿದ ಮಕ್ಕಳನ್ನು ಜೀವನಪೂರ್ತಿ ಗಮನಿಸುವುದು ಅವನ ಯೋಜನೆ. ಆ ಪರೀಕ್ಷೆ ಬರೆದು ಆಯ್ಕೆಯಾಗದೆ ಹೊರಗುಳಿದವರಲ್ಲಿ ಇಬ್ಬರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಮುಂದೆ ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಟರ್ಮನ್ ಆರಿಸಿದ ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ.

ಪರೀಕ್ಷೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಇಲ್ಲದಿದ್ದರೆ ಆಯ್ಕೆ ಟೀಚರ್ ಕಣ್ಣಿಗೆ ಬಿದ್ದವರದ್ದಾಗುತ್ತದೆ. ಕೈ ಎತ್ತುವವರು, ಅಂದವಾಗಿ ಬರೆಯುವವರು, ಅಪ್ಪ ಅಮ್ಮ ಬಂದು ಕೇಳುವವರು. ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಮುಂಚೆ ಹಾಗೇ ಇತ್ತು. 2005ರಲ್ಲಿ ಅಲ್ಲಿ ಎರಡನೇ ತರಗತಿಯ ಮಕ್ಕಳಿಗೆಲ್ಲ ಒಂದು ಸಣ್ಣ ಪರೀಕ್ಷೆ ಕೊಡಲು ಶುರು ಮಾಡಿದರು. ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದಿದ್ದ ಬಡ ಮಕ್ಕಳು, ಕಪ್ಪು ಜನರ ಮಕ್ಕಳು, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಎಷ್ಟೋ ಜನ ಬೆಳಕಿಗೆ ಬಂದರು. ದುಡ್ಡಿಲ್ಲ ಎಂದು ಆ ಪರೀಕ್ಷೆ ನಿಲ್ಲಿಸಿದಾಗ ಸಂಖ್ಯೆ ಮತ್ತೆ ಕುಸಿಯಿತು. ಮಕ್ಕಳು ಅಂಥವರೇ ಇದ್ದರು, ನೋಡುವುದು ನಿಂತಿತ್ತು ಅಷ್ಟೆ.

ಯಾವ ಪರೀಕ್ಷೆಗೂ ಸಿಗದ ಮಕ್ಕಳೂ ಇದ್ದಾರೆ. ಓದುವಾಗ ಅಕ್ಷರ ತಡವರಿಸುತ್ತವೆ, ಆದರೆ ಬಾಯಲ್ಲಿ ಕೇಳಿದರೆ ಮಳೆ ಹೇಗೆ ಬರುತ್ತದೆ ಅಂತ ಟೀಚರಿಗಿಂತ ಚೆನ್ನಾಗಿ ಹೇಳುತ್ತವೆ. ಅಂಥ ಮಗುವಿನ ಜಾಣ್ಮೆ ಅದರ ತೊಡಕನ್ನು ಮುಚ್ಚುತ್ತದೆ, ತೊಡಕು ಜಾಣ್ಮೆಯನ್ನು ಮುಚ್ಚುತ್ತದೆ. ಕೊನೆಗೆ ಮಾರ್ಕ್ಸ್ ಕಾರ್ಡಿನಲ್ಲಿ ಅದು ಸಾಧಾರಣ ಮಗು. ಅದಕ್ಕೆ ಎರಡೂ ಕಡೆ ಸಹಾಯ ಬೇಕು, ಸಾಮಾನ್ಯವಾಗಿ ಒಂದೂ ಸಿಗುವುದಿಲ್ಲ.

ಒಂದು ಅಂಕ ಹಿಡಿದು ಒಳಗೆ ಹೊರಗೆ ಅನ್ನುವುದು ತಪ್ಪು. ಎರಡು ಅಂಕ ಕಡಿಮೆ ಬಂದ ದಿನ ನಿಮ್ಮ ಮಗಳಿಗೆ ಹೊಟ್ಟೆ ನೋಯುತ್ತಿತ್ತೋ ಏನೋ. ಇನ್ನೊಂದು ಪರೀಕ್ಷೆ, ಟೀಚರ್ ನೋಡಿದ್ದು, ಅವಳ ನೋಟ್‌ಬುಕ್ಕು, ಎಲ್ಲ ಸೇರಿಸಿ ನೋಡಿ ಎಂದು ಕೇಳಿ. ಅದು ನ್ಯಾಯವಾದ ಬೇಡಿಕೆ. ಆದರೆ ಆ ವಾರದ ಒಂದು ಗಂಟೆಯ ಮೇಲೆ ಜಾಸ್ತಿ ಭಾರ ಹಾಕಬೇಡಿ. ಸೋಮವಾರ ಬೆಳಿಗ್ಗೆ ಹೊಟ್ಟೆ ನೋಯಿಸುವುದು ಉಳಿದ ಗಂಟೆಗಳು. ನಿಮ್ಮ ಶಾಲೆಯಲ್ಲಿ ಮೂರನೇ ತರಗತಿಗೆ ಎರಡು ಮೂರು ವಿಭಾಗ ಇದೆ ಎಂದಿದ್ದೀರಿ. ಹಾಗಿದ್ದರೆ ಇನ್ನೊಂದು ದಾರಿ ಇದೆ. ಬೇಗ ಕಲಿಯುವ ಐದಾರು ಮಕ್ಕಳನ್ನು ಎಲ್ಲ ವಿಭಾಗಗಳಿಗೂ ಹಂಚದೆ, ಇಂಥದ್ದರಲ್ಲಿ ಆಸಕ್ತಿ ಇರುವ ಟೀಚರಿನ ತರಗತಿಯಲ್ಲಿ ಒಟ್ಟಿಗೆ ಕೂರಿಸುವುದು. ಉಳಿದ ಮಕ್ಕಳೂ ಅಲ್ಲೇ ಇರುತ್ತಾರೆ. ಅವಳಿಗೆ ಜಗಳ ಆಡುತ್ತಾ ಲೆಕ್ಕ ಬಿಡಿಸಲು ಸಮಜೋಡಿ ಸಿಗುತ್ತಾರೆ.

ಡಬಲ್ ಪ್ರಮೋಷನ್ ಬಗ್ಗೆ ಜನಕ್ಕೆ ವಿಪರೀತ ಭಯ ಇದೆ. ದೊಡ್ಡ ಮಕ್ಕಳ ಮಧ್ಯೆ ಮಗು ಒಂಟಿಯಾಗುತ್ತದೆ ಅನ್ನುತ್ತಾರೆ. ಅಯೋವಾ ವಿಶ್ವವಿದ್ಯಾಲಯದ ತಜ್ಞರು ಅರ್ಧ ಶತಮಾನದ ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ವರದಿ ಕೊಟ್ಟರು. ಸರಿಯಾಗಿ ನೋಡಿ ಮುಂದಕ್ಕೆ ಹಾಕಿದ ಮಕ್ಕಳು ಓದಿನಲ್ಲೂ ಚೆನ್ನಾಗಿರುತ್ತಾರೆ, ಗೆಳೆತನದಲ್ಲೂ ಸೊರಗುವುದಿಲ್ಲ ಎನ್ನುವುದು ಅದರ ಸಾರ. ಹಾಗಾಗಿ ನಿಮ್ಮ ಹೆಡ್‌ಮಾಸ್ಟರು ಹೇಳಿದ್ದು ತಳ್ಳಿಹಾಕುವ ಮಾತಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ 'ಸರಿಯಾಗಿ ನೋಡಿ' ಅನ್ನುವುದರಲ್ಲಿ ಎರಡು ಷರತ್ತು ಸೇರಿವೆ. ಒಂದು, ಮಗುವಿಗೇ ಇಷ್ಟ ಇರಬೇಕು. ಎರಡು, ಅಣ್ಣನೋ ಅಕ್ಕನೋ ಇರುವ ತರಗತಿಗೆ ಹಾಕಬಾರದು. ಎರಡನೆಯದು ನಿಮ್ಮ ಮನೆಗೆ ನೇರವಾಗಿ ತಾಗುತ್ತದೆ. ಒಂದೇ ಪರೀಕ್ಷೆ, ಒಂದೇ ದಿನ ಫಲಿತಾಂಶ, ತಂಗಿಗೆ ಜಾಸ್ತಿ ಅಂಕ. ಆ ಹುಡುಗ ಪ್ರತಿದಿನ ಅದನ್ನು ನುಂಗಬೇಕು. ಬೇಡಮ್ಮ. ಗಣಿತದ ಪೀರಿಯಡ್ಡಿಗೆ ಮಾತ್ರ ನಾಲ್ಕನೆಯ ಇನ್ನೊಂದು ವಿಭಾಗಕ್ಕೆ, ಅಣ್ಣ ಇಲ್ಲದ ಕಡೆಗೆ, ಕಳುಹಿಸಲು ಆಗುತ್ತದಾ ಕೇಳಿ. ಆಗದಿದ್ದರೆ ಕಷ್ಟದ ಐದು ಲೆಕ್ಕದ ದಾರಿಯೇ ಸಾಕು.

ಮಾತಾಡಲು ಹೋಗುವಾಗ 'ನನ್ನ ಮಗಳು ತುಂಬಾ ಜಾಣೆ' ಎಂದು ಶುರು ಮಾಡಬೇಡಿ. ಟೀಚರ್ ಆ ಮಾತನ್ನು ದಿನಾ ಕೇಳುತ್ತಾರೆ. ಅವಳ ನೋಟ್‌ಬುಕ್ ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ. 'ಇದರಲ್ಲಿ ಅವಳಿಗೆ ಗೊತ್ತಿಲ್ಲದ್ದು ಯಾವುದು, ತೋರಿಸ್ತೀರಾ?' ಎಂದು ಕೇಳಿ. ಕೇಳಿ ಸುಮ್ನೆ ಕಾಯಿರಿ.

ಮನೆಯಲ್ಲೂ ಜಾಣೆ ಅನ್ನುವ ಪದ ಸ್ವಲ್ಪ ಕಡಿಮೆಯಾಗಲಿ. 1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆಯರು ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. 'ನೀನು ಬುದ್ಧಿವಂತ' ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸೋಲದಂಥ ಸುಲಭದ ಕೆಲಸವನ್ನೇ ಆರಿಸಿಕೊಂಡರು, ಒಮ್ಮೆ ಸೋತ ಮೇಲೆ ಬೇಗ ಕೈಬಿಟ್ಟರು. 'ಚೆನ್ನಾಗಿ ಕಷ್ಟಪಟ್ಟೆ' ಎಂದು ಕೇಳಿಸಿಕೊಂಡವರು ಕಷ್ಟದ್ದನ್ನೇ ಕೇಳಿ ತೆಗೆದುಕೊಂಡರು. ನಿಮ್ಮ ಮಗಳಿಗೆ ಕಷ್ಟಪಡುವ ಅವಕಾಶವೇ ಸಿಕ್ಕಿಲ್ಲ, ಹೊಗಳುವುದಾದರೂ ಯಾವುದನ್ನು ಅಲ್ವಾ?

ಅದಕ್ಕೆ ಇವತ್ತು ಸಂಜೆಯೇ ಆ ಮೂರು ಅಂಕಿಯ ಲೆಕ್ಕವನ್ನು ಅವಳ ಮುಂದಿಡಿ. ಮಧ್ಯದ 9 ಎಲ್ಲಿಂದ ಬಂತು ಅನ್ನುವುದನ್ನು ನಾನು ಇಲ್ಲಿ ಬೇಕೆಂದೇ ಬರೆದಿಲ್ಲ. ನೀವೂ ಹೇಳಿಕೊಡಬೇಡಿ. ಎರಡು ದಿನ ಹಿಡಿಯಲಿ, ನಾಲ್ಕು ದಿನ ಹಿಡಿಯಲಿ. ಅವಳು ಏನು ಹೇಳುತ್ತಾಳೋ ಅದನ್ನು ಅವಳ ಮಾತಿನಲ್ಲೇ ಬರೆದು ನನಗೆ ಕಳುಹಿಸಿ. ತಪ್ಪಾಗಿದ್ದರೂ ಪರವಾಗಿಲ್ಲ, ಅವಳ ಹೆಸರಿಗೇ ಉತ್ತರ ಬರೆಯುತ್ತೇನೆ.